ಬ್ರೇಕ್ ನೋಡಲು ಬಿಡದವನ ಕಾಗದ

ಮಂಡಿಪೇಟೆ, ದಾವಣಗೆರೆ
ಭಾನುವಾರ, ೨೪ ಅಕ್ಟೋಬರ್ ೧೯೯೯

ಹರಿಹರದ ಮಾಲತೇಶನಿಗೆ, ವರ್ಷದಿಂದ ಮಾತು ಬಿಟ್ಟಿರುವ ಕರಿಬಸವರಾಜನ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಒಡೆಯಲೋ ಹರಿದು ಬಿಸಾಕಲೋ ಎಂದು ಯೋಚಿಸಿಯೂ ಇರುತ್ತೀ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಮೊದಲು ಬೆಳಕಿಗೆ ಹಿಡಿದು ಒಳಗೇನಿದೆ ಎಂದು ನೋಡುತ್ತಿದ್ದೆ. ಆಮೇಲೆ ಅಂಚೆ ಮುದ್ರೆಯ ತಾರೀಖು ಓದುತ್ತಿದ್ದೆ. ಯಾರಾದರೂ ಅಂಟು ಬಿಚ್ಚಿ ಮತ್ತೆ ಹಚ್ಚಿದ್ದಾರೇನೋ ಎಂದು ಉಗುರಿನಿಂದ ಕೆರೆದು ಪರೀಕ್ಷೆ ಮಾಡುತ್ತಿದ್ದೆ. ಇಷ್ಟೆಲ್ಲ ಆದ ಮೇಲೂ, ಇವನು ಈಗ ಯಾಕೆ ಬರೆದ, ಇದರ ಹಿಂದೆ ಏನೋ ಇದೆ ಎಂದುಕೊಂಡೇ ಓದುತ್ತಿದ್ದೆ. ನೀನು ಹಾಗೆ ಓದಿದರೂ ನನಗೆ ಬೇಜಾರಿಲ್ಲ. ಕೊನೆಯವರೆಗೆ ಓದಿದರೆ ಸಾಕು.

ಅನುಮಾನ ನನಗೆ ಹುಟ್ಟಿನಿಂದ ಬಂದದ್ದಲ್ಲ, ಅಂಗಡಿಯಿಂದ ಬಂದದ್ದು. ನಮ್ಮದು ಶೇಂಗಾ, ಮೆಕ್ಕೆಜೋಳದ ಮಂಡಿ ಎನ್ನುವುದು ನಿನಗೆ ಗೊತ್ತು. ಹತ್ತು ವರ್ಷದವನಿದ್ದಾಗಲೇ ಅಪ್ಪ ನನ್ನನ್ನು ಚೀಲಗಳ ನಡುವೆ ನಿಲ್ಲಿಸಿ, ಮೇಲಿನ ಕಾಳು ತೋರಿಸಲಿಕ್ಕೆ ಇಟ್ಟಿರುತ್ತಾರೆ, ಮೊಣಕೈವರೆಗೆ ಕೈ ಬಿಟ್ಟು ಬುಡದ ಕಾಳು ತೆಗೆದು ನೋಡು ಎಂದು ಹೇಳಿಕೊಟ್ಟಿದ್ದರು. ನಾನು ಅದನ್ನು ಚೀಲಗಳಿಗೇ ನಿಲ್ಲಿಸಲಿಲ್ಲ. ಹಾಲು ತರುವ ನೀಲಕ್ಕನ ಹಾಲನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟು ಹರಿಯುತ್ತದೋ ನಿಲ್ಲುತ್ತದೋ ನೋಡುತ್ತಿದ್ದೆ. ಬಸ್ಸಿನಲ್ಲಿ ಪಕ್ಕ ಕೂತವರು ನಕ್ಕರೆ ಜೇಬು ಮುಟ್ಟಿಕೊಳ್ಳುತ್ತಿದ್ದೆ. "ಅಣ್ಣ ಕನ್ನಡಿ ನೋಡೋದು ಮುಖ ನೋಡ್ಕಳಾಕಲ್ಲ, ಹಿಂದೆ ಯಾರು ನಿಂತಾರೆ ಅಂತ ನೋಡಾಕೆ" ಎಂದು ತಮ್ಮ ಬಕ್ಕೇಶ ಕಿಚಾಯಿಸುತ್ತಿದ್ದ. ನೀನೂ ಆ ಮಾತಿಗೆ ನಕ್ಕಿದ್ದೀ. ಆಗ ನಿನ್ನ ನಗುವಿನ ಮೇಲೂ ನನಗೆ ಅನುಮಾನ ಬಂದಿತ್ತು.

ನೀನು ಸಿಕ್ಕ ದಿನ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತೊಂಬತ್ತೇಳರ ಬೇಸಿಗೆ. ಆಗ ನಮ್ಮ ತಂಡವೆಂದರೆ ಮೂರೇ ಜನ. ನಾನು, ನಮ್ಮ ಚಿಕ್ಕವ್ವನ ಮಗ ಬಕ್ಕೇಶ, ಕೆ.ಬಿ. ಬಡಾವಣೆಯ ಸೈಕಲ್ ಅಂಗಡಿಯ ಅಲ್ಲಾಬಕ್ಷ್. ಗುಡ್ಡಗಾಡು ಸೈಕಲ್ ರೇಸು ಎನ್ನುವುದನ್ನು ಪೇಪರಿನಲ್ಲಿ ಓದಿ, ಅಲ್ಲಾಬಕ್ಷನಿಂದ ಹಳೇ ಸೈಕಲ್ಲುಗಳಿಗೆ ದಪ್ಪ ಟಯರು ಹಾಕಿಸಿಕೊಂಡು, ಪ್ರತಿ ಭಾನುವಾರ ಬಾತಿ ಗುಡ್ಡದ ಕಲ್ಲುದಾರಿ ಹತ್ತಿ ಇಳಿದು ಮೊಣಕಾಲು ಕೆತ್ತಿಸಿಕೊಂಡು ಬರುತ್ತಿದ್ದೆವು. ನಮಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಅಂಗಡಿಯ ಕೆಲಸ ಮುಗಿಸಿ ಸೈಕಲ್ ತುಳಿಯುವ ನಮ್ಮನ್ನು ಆಟಗಾರರು ಎಂದು ಮನೆಯವರೂ ಕರೆಯುತ್ತಿರಲಿಲ್ಲ. ತಂಡದ ರೇಸಿಗೆ ನಾಲ್ಕು ಜನ ಬೇಕು. ನಾಲ್ವರಲ್ಲಿ ಮೂರನೆಯವನು ಗೆರೆ ಮುಟ್ಟಿದ ಹೊತ್ತೇ ತಂಡದ ಹೊತ್ತು. ಒಬ್ಬ ಎಷ್ಟು ಮುಂದೆ ಹಾರಿಹೋದರೂ ಪ್ರಯೋಜನವಿಲ್ಲ, ಹಿಂದಿನವರನ್ನು ಎಳೆದುಕೊಂಡೇ ಬರಬೇಕು. ನಮಗೆ ನಾಲ್ಕನೆಯವನು ಸಿಕ್ಕಿರಲಿಲ್ಲ.

ಆ ಭಾನುವಾರ ಅರ್ಧ ಗುಡ್ಡ ಹತ್ತಿ ಏದುಸಿರು ಬಿಡುತ್ತಿದ್ದಾಗ ಹಿಂದಿನಿಂದ ಬಂದ ನೀನು ನಮ್ಮ ಮೂವರನ್ನೂ ದಾಟಿಕೊಂಡು ಹೋದೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದೆ. ಆ ಬಿಸಿಲಲ್ಲಿ ಎಣ್ಣೆ ಕಿವಿಯ ಹತ್ತಿರ ಇಳಿಯುತ್ತಿತ್ತು. ನಾವು ಮೇಲೆ ಮುಟ್ಟಿದಾಗ ನೀನು ಕಲ್ಲಿನ ಮೇಲೆ ಕೂತು ನೀರಿನ ಬಾಟಲಿ ಚಾಚಿದೆ. ಬಕ್ಕೇಶ ಗಟಗಟ ಕುಡಿದ. ನಾನು ಮೂಸಿ ನೋಡಿ ಕುಡಿದೆ. ಹರಿಹರದವನು ಎಂದು ಗೊತ್ತಾದ ಕೂಡಲೇ ನನ್ನ ಒಳಗೆ ಗಂಟೆ ಹೊಡೆಯಿತು. ಹರಿಹರದಲ್ಲಿ ನಿಮ್ಮದೇ ಒಂದು ತಂಡವಿತ್ತು, ನೀಲಿ ಬನಿಯನ್ನಿನವರು. ಅದನ್ನು ಬಿಟ್ಟು ಹದಿನಾಲ್ಕು ಕಿಲೋಮೀಟರ್ ತುಳಿದುಕೊಂಡು ನಮ್ಮ ಹತ್ತಿರ ಯಾಕೆ ಬಂದೆ ಎಂದು ಕೇಳಿದ್ದಕ್ಕೆ ನೀನು ಅಂದದ್ದು ಇಷ್ಟೇ.

"ಅಲ್ಲಿ ಎಲ್ಲಾರೂ ಜೋರಾಗಿ ಹೊಡೀತಾರ್ರಿ. ಯಾರೂ ಜೊತೆಗೆ ಹೊಡೆಯಲ್ಲ."

ಬಕ್ಕೇಶನಿಗೆ ಆ ಮಾತು ಅಲ್ಲೇ ಹಿಡಿಸಿತು. ನನಗೆ ಅದು ಮೊದಲೇ ಬಾಯಿಪಾಠ ಮಾಡಿಕೊಂಡು ಬಂದ ಮಾತು ಅನ್ನಿಸಿತು. ಆದರೂ ನಿನ್ನನ್ನು ಸೇರಿಸಿಕೊಂಡೆವು, ಯಾಕೆಂದರೆ ನಮಗೆ ನೀನು ಬೇಕಾಗಿದ್ದೆ. ನನ್ನನ್ನು ಕ್ಯಾಪ್ಟನ್ ಎಂದು ಮೊದಲು ಕರೆದವನು ನೀನೇ. ಅದರಲ್ಲೂ ತಮಾಷೆ ಇದೆಯೇನೋ ಎಂದು ಒಂದು ತಿಂಗಳು ನಿನ್ನ ಮುಖ ನೋಡಿದೆ.

ಮಾಲತೇಶ, ಆ ಒಂದೂವರೆ ವರ್ಷ ನಾವು ನಾಲ್ವರೂ ಸುಖವಾಗಿದ್ದೆವು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಗುಡ್ಡ ಇಳಿದು ಬಂದು ಹಳೇ ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುವಾಗ ನೀನು ನಿನ್ನ ಮೆಣಸಿನಕಾಯಿಯನ್ನು ಬಕ್ಕೇಶನ ಕಾಗದಕ್ಕೆ ದಾಟಿಸುತ್ತಿದ್ದೆ. ಬ್ರೇಕ್ ಕೂರಿಸುವ ಕೆಲಸ ನಿನ್ನದಾಯಿತು. ಅಲ್ಲಾಬಕ್ಷನಂಥ ಕಸಬುದಾರನೇ ಆ ಕೈ ನಿನ್ನದು ಎಂದು ಬಿಟ್ಟುಕೊಟ್ಟಿದ್ದ. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚಕ್ರ ತಿರುವಿ, ಬ್ರೇಕಿನ ರಬ್ಬರು ರಿಮ್ಮಿಗೆ ಎರಡೂ ಕಡೆ ಒಂದೇ ಸಮ ಮುಟ್ಟುವವರೆಗೆ ನೀನು ಏಳುತ್ತಿರಲಿಲ್ಲ. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಕಲಿಯಲಿಕ್ಕೆ ನಿಂತಿದ್ದೇನೆ ಎಂದು ನೀನು ತಿಳಿದುಕೊಂಡು ಎಲ್ಲವನ್ನೂ ವಿವರಿಸಿ ಹೇಳುತ್ತಿದ್ದೆ. ನಾನು ನಿಂತದ್ದು ಕಾಯಲಿಕ್ಕೆ.

ತೊಂಬತ್ತೆಂಟರ ವಿಜಯದಶಮಿಗೆ ಕೊಂಡಜ್ಜಿ ಗುಡ್ಡದಲ್ಲಿ ಜಿಲ್ಲೆಯ ರೇಸು ಇಟ್ಟರು. ಗೆದ್ದ ತಂಡಕ್ಕೆ ರಾಜ್ಯ ಸ್ಪರ್ಧೆಗೆ ಹೋಗುವ ಅವಕಾಶ. ರಾಜ್ಯದ ಸರ್ಟಿಫಿಕೇಟ್ ಒಂದಿದ್ದರೆ ಕ್ರೀಡಾ ಕೋಟಾದಲ್ಲಿ ರೈಲ್ವೆಗೆ ಅರ್ಜಿ ಹಾಕಬಹುದೆಂದು ನೀನು ಅಲ್ಲಾಬಕ್ಷನ ಹತ್ತಿರ ಹೇಳಿದ್ದೆಯಂತೆ. ನನ್ನ ಹತ್ತಿರ ಹೇಳಲಿಲ್ಲ. ಹೇಳಿದ್ದರೆ ಇವನು ತಂಡಕ್ಕಾಗಿ ಅಲ್ಲ, ನೌಕರಿಗಾಗಿ ಬಂದವನು ಎಂದು ನಾನು ಅಂದುಕೊಳ್ಳುತ್ತಿದ್ದೆ. ಅದು ನಿನಗೆ ಗೊತ್ತಿತ್ತು.

ರೇಸಿಗೆ ಹದಿನೈದು ದಿನವಿದ್ದಾಗ ಮೆಕ್ಕೆಜೋಳದ ವ್ಯವಹಾರಕ್ಕೆಂದು ನಾನು ಹರಿಹರಕ್ಕೆ ಬಂದಿದ್ದೆ. ತುಂಗಭದ್ರೆಯ ಸೇತುವೆಯ ಮೇಲೆ ನೀನು ನೀಲಿ ಬನಿಯನ್ನಿನ ಒಬ್ಬ ಎತ್ತರದ ಮನುಷ್ಯನ ಜೊತೆ ನಿಂತಿದ್ದೆ. ಅವನ ಕೈ ನಿನ್ನ ಹೆಗಲ ಮೇಲಿತ್ತು. ಏನೋ ಹೇಳುತ್ತಿದ್ದ, ನೀನು ತಲೆಯಾಡಿಸುತ್ತಿದ್ದೆ. ಕರೆದು ಮಾತಾಡಿಸಬಹುದಿತ್ತು. ನಾನು ಲಾರಿಯ ಮರೆಯಲ್ಲಿ ನಿಂತು ನೀವು ಬೇರೆಯಾಗುವವರೆಗೆ ನೋಡಿದೆ. ಮರುದಿನ ಅಭ್ಯಾಸಕ್ಕೆ ಬಂದಾಗ ನಿನ್ನೆ ಎಲ್ಲಿದ್ದೆ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಮನೆಯಲ್ಲೇ ಇದ್ದೆ ಎಂದೆ. ಅಲ್ಲಿಗೆ ನನ್ನ ಮಟ್ಟಿಗೆ ಎಲ್ಲ ಖಚಿತವಾಗಿ ಹೋಯಿತು.

ಆಮೇಲೆ ಆಯುಧಪೂಜೆ ಬಂತು. ಹಿಂದಿನ ದಿನ ಸಂಜೆ ನೀನು ನಮ್ಮ ಮನೆಗೆ ಬಂದು ಮೂರೂ ಸೈಕಲ್ಲಿನ ಬ್ರೇಕ್ ಕೂರಿಸಿದೆ. ವಿಜಯದಶಮಿ ಬೆಳಿಗ್ಗೆ ಟೆಂಪೊ ನಮ್ಮ ಮನೆಯಿಂದಲೇ ಹೊರಡುವುದು, ನಿನ್ನ ಸೈಕಲ್ಲನ್ನೂ ಇಲ್ಲೇ ಬಿಡು, ಪೂಜೆ ಒಟ್ಟಿಗೇ ಆಗಲಿ ಎಂದೆ. "ಇಲ್ಲ ಕ್ಯಾಪ್ಟನ್, ನಮ್ಮಪ್ಪ ಫ್ಯಾಕ್ಟರಿಯಾಗ ಮಷಿನ್ ಪೂಜೆ ಮುಗಿಸ್ಕಂಡು ಬಂದು ಮನಿಯಾಗ ನನ್ ಸೈಕಲ್ಲಿಗೂ ಮಾಡ್ತಾರೆ. ಸೈಕಲ್ ಇಲ್ಲ ಅಂದ್ರೆ ಬೇಜಾರು ಮಾಡ್ಕಂತಾರೆ" ಎಂದು ಹೇಳಿ ತುಳಿದುಕೊಂಡು ಹೋದೆ. ಒಬ್ಬ ಅಪ್ಪ ಮಗನ ಸೈಕಲ್ಲಿಗೆ ಪೂಜೆ ಮಾಡುವುದರಲ್ಲಿ ಏನು ಕುತಂತ್ರವಿರಲು ಸಾಧ್ಯ ಎಂದು ಬೇರೆ ಯಾರಾದರೂ ಕೇಳಿಕೊಳ್ಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು, ಮೂರು ಸೈಕಲ್ ಇಲ್ಲಿ, ಒಂದು ಮಾತ್ರ ಅಲ್ಲಿ, ಯಾಕೆ ಎಂದು ಯೋಚಿಸಿದೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತಿದೆ. ಆಯುಧಪೂಜೆಯ ದಿನ ತಕ್ಕಡಿ, ತೂಕದ ಕಲ್ಲು, ಇಳಿಗೆಮಣೆ, ಕುಡುಗೋಲು ಎಲ್ಲವನ್ನೂ ಪಡಸಾಲೆಯಲ್ಲಿ ಸಾಲಾಗಿ ಜೋಡಿಸಿ ವಿಭೂತಿ ಹಚ್ಚಿ ಪೂಜೆ ಮಾಡುತ್ತಾರೆ. ಪೂಜೆಯಾದ ವಸ್ತುವನ್ನು ಮರುದಿನ ಬೆಳಿಗ್ಗೆ ಮತ್ತೆ ದೀಪ ತೋರಿಸುವವರೆಗೆ ಯಾರೂ ಮುಟ್ಟುವಂತಿಲ್ಲ. ಆ ಸಾಲಿನ ಕೊನೆಗೆ ನಮ್ಮ ಮೂರು ಸೈಕಲ್ಲುಗಳು ನಿಂತಿದ್ದವು. ಬೆಳಿಗ್ಗೆ ದೀಪ ತೋರಿಸಿ ಅವನ್ನು ಹಾಗೆಯೇ ಎತ್ತಿ ಟೆಂಪೊದೊಳಗೆ ಇಟ್ಟೆವು. ಒಂದು ಗಜವೂ ತುಳಿದು ನೋಡಲಿಲ್ಲ. ರಿಮ್ಮುಗಳು ಪಳಪಳ ಹೊಳೆಯುತ್ತಿದ್ದವು. ನನಗೆ ಖುಷಿಯಾಯಿತು.

ಕೊಂಡಜ್ಜಿ ಕೆರೆಯ ದಂಡೆಯಲ್ಲಿ ನೀನು ನಮಗಾಗಿ ಕಾಯುತ್ತಿದ್ದೆ. ಸೈಕಲ್ ಇಳಿಸುತ್ತಿದ್ದ ಹಾಗೆಯೇ ಜೇಬಿನಿಂದ ಸ್ಪ್ಯಾನರ್ ತೆಗೆದು ಹತ್ತಿರ ಬಂದು, "ಕ್ಯಾಪ್ಟನ್, ಮೂರೂ ಬ್ರೇಕ್ ಒಂದ್ಸಲ ನೋಡ್ತೀನಿ, ಐದು ನಿಮಿಷ" ಎಂದೆ. ಎದುರಿಗೆ ನೀಲಿ ಬನಿಯನ್ನಿನವರು ನಿಂತಿದ್ದರು. ಸೇತುವೆಯ ಆ ಎತ್ತರದ ಮನುಷ್ಯನೂ ಇದ್ದ. ಅವನು ನಿನ್ನತ್ತ ನೋಡಿ ಸಣ್ಣಗೆ ನಕ್ಕ. ನಾನು ನಿನ್ನ ಕೈಗೂ ಸೈಕಲ್ಲಿಗೂ ನಡುವೆ ಬಂದು ನಿಂತೆ.

"ಯಾವುದನ್ನೂ ಮುಟ್ಟಬ್ಯಾಡ. ನಿನ್ನ ಸೈಕಲ್ ನೀನು ನೋಡ್ಕ" ಎಂದೆ.

ನಿನ್ನ ಮುಖ ಸಣ್ಣದಾಯಿತು. ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡೆ. ನಾನು ತಂಡವನ್ನು ಕಾಪಾಡಿದೆ ಎಂದು ಬೀಗಿದೆ. ಮಾಲತೇಶ, ಈ ಕಾಗದ ಬರೆಯುತ್ತಿರುವುದು ಆ ಐದು ನಿಮಿಷಕ್ಕಾಗಿ.

ಮುಂದಿನದು ನಿನಗೆ ಗೊತ್ತಿಲ್ಲದ್ದಲ್ಲ. ಮೊದಲ ಎರಡು ಕಿಲೋಮೀಟರ್ ಬರೀ ಏರು, ಬ್ರೇಕಿನ ಕೆಲಸವೇ ಇಲ್ಲ. ನೀನು ಮುಂದೆ, ನಿನ್ನ ಹಿಂದೆ ಬಕ್ಕೇಶ, ಅವನ ಹಿಂದೆ ನಾನು, ಕೊನೆಗೆ ಅಲ್ಲಾಬಕ್ಷ್. ನೆತ್ತಿ ದಾಟಿ ಕಲ್ಲಿನ ಇಳಿಜಾರಿಗೆ ಬಿದ್ದಾಗ ನಾನು ಬ್ರೇಕ್ ಒತ್ತಿದೆ. ಹಿಡಿ ಪೂರ್ತಿ ಒಳಗೆ ಹೋಯಿತು, ಚಕ್ರ ಮಾತ್ರ ಕೇಳಲೇ ಇಲ್ಲ. ಅದೇ ಗಳಿಗೆಗೆ ಮುಂದಿನಿಂದ ಬಕ್ಕೇಶನ ಕೂಗು ಬಂತು. "ಅಣ್ಣಾ, ಬ್ರೇಕ್ ಹಿಡೀವಲ್ದು." ನಾನು ಲಂಟಾನ ಪೊದೆಯೊಳಗೆ ಸೈಕಲ್ ನುಗ್ಗಿಸಿ ಬಚಾವಾದೆ. ಅಲ್ಲಾಬಕ್ಷ್ ಹಾರಿ ಇಳಿದ. ಬಕ್ಕೇಶನಿಗೆ ಪಕ್ಕಕ್ಕೆ ಪೊದೆಯೂ ಸಿಗಲಿಲ್ಲ, ಮಣ್ಣೂ ಸಿಗಲಿಲ್ಲ. ತಿರುವಿನ ಬಂಡೆಗೆ ಹೆಗಲು ಕೊಟ್ಟು ಬಿದ್ದ.

ಎಲ್ಲರಿಗಿಂತ ಮುಂದಿದ್ದ ನೀನು ಅವನ ಕೂಗು ಕೇಳಿ ಸೈಕಲ್ ಬಿಸಾಕಿ ಏರು ಹತ್ತಿ ಓಡಿ ಬಂದೆ. ನೀಲಿ ಬನಿಯನ್ನಿನವರು ನಮ್ಮನ್ನು ದಾಟಿಕೊಂಡು ಹೋದರು. ನೀನು ಅತ್ತ ನೋಡಲೂ ಇಲ್ಲ. ಬಕ್ಕೇಶನನ್ನು ಬೆನ್ನ ಮೇಲೆ ಹಾಕಿಕೊಂಡೆ. ನಾನು ಆ ಹೊತ್ತಿನಲ್ಲಿ ಏನು ಮಾಡಿದೆ ಗೊತ್ತೇ? ಬಿದ್ದ ಸೈಕಲ್ಲಿನ ಹತ್ತಿರ ಕೂತು ರಿಮ್ಮಿನ ಮೇಲೆ ಬೆರಳಾಡಿಸಿದೆ. ಬೆರಳು ಜಾರಿತು. ಮೂಸಿದೆ. ಕೊಬ್ಬರಿ ಎಣ್ಣೆ. ತಲೆಯೆತ್ತಿ ನಿನ್ನ ಕಡೆ ನೋಡಿದೆ. ತಮ್ಮನ ಕೈ ನಿನ್ನ ಎದೆಯ ಮೇಲೆ ಜೋತಾಡುತ್ತಿತ್ತು, ನಿನ್ನ ಕಿವಿಯ ಹತ್ತಿರ ಎಣ್ಣೆ ಇಳಿಯುತ್ತಿತ್ತು. ನಾಡಿನ ಪ್ರತಿ ಮನೆಯಲ್ಲೂ ಇರುವ ಕೊಬ್ಬರಿ ಎಣ್ಣೆ ಆ ಹೊತ್ತು ನನಗೆ ನಿನ್ನೊಬ್ಬನದೇ ಆಗಿ ಕಂಡಿತು. ಜನರೆದುರಿಗೇ ನಿನ್ನನ್ನು ದ್ರೋಹಿ ಎಂದೆ. ನಿನ್ನ ಬೆನ್ನ ಮೇಲೆ ಬಕ್ಕೇಶ ಇರುವಾಗಲೇ ಅಂದೆ.

ಅವನ ಹೆಗಲಿನ ಮೂಳೆ ಎರಡು ಕಡೆ ಮುರಿದಿತ್ತು. ಕೂಡಿತು, ಆದರೆ ಬಲಗೈ ಈಗಲೂ ಹೆಗಲ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅಟ್ಟದ ಡಬ್ಬಿ ತೆಗೆಯಲು ನನ್ನನ್ನು ಕರೆಯುತ್ತಾನೆ.

ರೇಸಾಗಿ ಮೂರು ದಿನಕ್ಕೆ, ಅದನ್ನು ನಡೆಸಿದ ಜಿಲ್ಲಾ ಸೈಕಲ್ ಸಂಘದವರು ಸಭೆ ಕರೆದರು. ನಾನು ದೂರು ಬರೆದು ತೆಗೆದುಕೊಂಡು ಹೋಗಿದ್ದೆ. ಕೊನೆಗೆ ಬ್ರೇಕ್ ಮುಟ್ಟಿದವನು ಅವನೇ, ಅವನ ಸೈಕಲ್ಲಿಗೆ ಮಾತ್ರ ಎಣ್ಣೆಯಿಲ್ಲ, ಎದುರು ತಂಡದವರ ಜೊತೆ ಗುಟ್ಟಾಗಿ ಮಾತಾಡಿದ್ದನ್ನು ನಾನೇ ಕಂಡಿದ್ದೇನೆ. ಓದುವಾಗ ನನಗೇ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಯಿತು. ಅಲ್ಲಾಬಕ್ಷ್ ಒಬ್ಬನೇ ಎದ್ದು ನಿಂತು, "ಆರೂ ಗಾಲಿಗೆ ಸುತ್ತಲೂ ಒಂದೇ ಸಮ ಎಣ್ಣೆ ಐತ್ರಿ. ಕಳ್ಳತನದಾಗ ಮಾಡೋರು ಇಷ್ಟು ನೀಟಾಗಿ ಯಾಕ ಮಾಡ್ತಾರೆ?" ಎಂದು ಕೇಳಿದ. ನಾನು ಅವನ ಮೇಲೂ ಅನುಮಾನಪಟ್ಟು ಸುಮ್ಮನಿರಿಸಿದೆ. ಕಾರ್ಯದರ್ಶಿಗಳು ನಿನ್ನನ್ನು ಕೇಳಿದರು. ನೀನು ಎದ್ದು ನಿಂತು ಹೇಳಿದ ಮಾತು ಅಕ್ಷರ ಬಿಡದೆ ನೆನಪಿದೆ.

"ಎಣ್ಣೆ ನಾನು ಹಚ್ಚಿಲ್ರಿ. ಯಾರು ಅಂತ ಮಾತ್ರ ನನ್ನ ಕೇಳಬ್ಯಾಡ್ರಿ."

ಅಷ್ಟು ಸಾಕಾಯಿತು ನನಗೆ. ಯಾರೆಂದು ಇವನಿಗೆ ಗೊತ್ತು, ಆದರೆ ಹೇಳುವುದಿಲ್ಲ ಎಂದರೆ ತನ್ನವರನ್ನು ಕಾಯುತ್ತಿದ್ದಾನೆ ಎಂದು ಮೇಜು ಕುಟ್ಟಿದೆ. ಎರಡನೆಯ ಮಾತು ನೀನು ಆಡಲಿಲ್ಲ. ನಿನ್ನನ್ನು ಎಲ್ಲ ಸ್ಪರ್ಧೆಗಳಿಂದ ಹೊರಗಿಟ್ಟರು. ದೂರು ಕೊಟ್ಟವನು ತಾನೇ ಹಿಂದೆ ತೆಗೆದುಕೊಳ್ಳುವವರೆಗೆ ಎಂದು ಬರೆದರು. ಹರಿಹರದವರೂ ನಿನ್ನನ್ನು ಸೇರಿಸಿಕೊಳ್ಳಲಿಲ್ಲವಂತೆ. ಸೈಕಲ್ ಮಾರಿಲ್ಲ, ಆದರೆ ಹತ್ತುವುದಿಲ್ಲ ಎಂದು ಅಲ್ಲಾಬಕ್ಷ್ ಒಮ್ಮೆ ಹೇಳಿದ. ಒಳ್ಳೆಯದೇ ಆಯಿತು ಎಂದೆ. ಅವನು ನನ್ನ ಅಂಗಡಿಯ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಈಗ ಹೋದ ಸೋಮವಾರದ ವಿಷಯಕ್ಕೆ ಬರುತ್ತೇನೆ. ಮತ್ತೆ ಆಯುಧಪೂಜೆ. ಅಂಗಡಿಯ ಪೂಜೆಗೆ ಕರ್ಪೂರ ಮರೆತಿದ್ದೆ, ತರಲಿಕ್ಕೆಂದು ಮಧ್ಯಾಹ್ನ ಮನೆಗೆ ಬಂದೆ. ಪ್ರತಿ ವರ್ಷ ಆ ಹೊತ್ತಿನಲ್ಲಿ ಗಂಡಸರು ಯಾರೂ ಮನೆಯಲ್ಲಿರುವುದಿಲ್ಲ. ಪಡಸಾಲೆಯಲ್ಲಿ ನಮ್ಮವ್ವ ಗುರುಶಾಂತಮ್ಮ ಕಾಲು ಚಾಚಿ ಕೂತಿದ್ದಳು. ಒಂದು ಕಡೆ ಕೊಬ್ಬರಿ ಎಣ್ಣೆಯ ಬಟ್ಟಲು, ಕೈಯಲ್ಲಿ ಹಳೇ ಸೀರೆಯ ತುಂಡು. ತಕ್ಕಡಿಗೆ, ಇಳಿಗೆಮಣೆಗೆ ಒರೆಸಿ ಆಗಿತ್ತು. ಈಗ ಬಕ್ಕೇಶನ ಸೈಕಲ್ಲು ಹಿಡಿದುಕೊಂಡು, ಚಕ್ರವನ್ನು ಒಂದು ಕೈಯಲ್ಲಿ ನಿಧಾನಕ್ಕೆ ತಿರುವುತ್ತಾ, ಇನ್ನೊಂದು ಕೈಯಿಂದ ರಿಮ್ಮಿನ ಸುತ್ತಲೂ ಒಂದೇ ಸಮನೆ ಎಣ್ಣೆ ಒರೆಸುತ್ತಿದ್ದಳು.

ನನ್ನ ಕಾಲು ಹೊಸ್ತಿಲಲ್ಲೇ ನಿಂತುಹೋಯಿತು. ಇದೇನವ್ವ ಎಂದೆ. ಅವಳು ತಲೆಯೆತ್ತದೆ ಹೇಳಿದಳು.

"ಕಬ್ಬಿಣಕ್ಕೆ ಎಣ್ಣಿ ಕಾಣಿಸ್ದೆ ಹೆಂಗಪ ಪೂಜೆ ಮಾಡೋದು? ಹೋದ ವರ್ಷ ನಿಮ್ಮ ಮೂರೂ ಸೈಕಲ್ಲಿಗೆ ಎಷ್ಟು ಚಂದ ಒರೆಸಿದ್ದೆ. ನೀವು ಒಬ್ರೂ ನೋಡ್ಲಿಲ್ಲ. ಆ ಹರಿಹರದ ಹುಡುಗ ಮಾತ್ರ ಕೇಳಿದ."

ನೋಡು ಮಾಲತೇಶ, ಒಂದು ವರ್ಷ ನಮ್ಮ ಮನೆಯಲ್ಲಿ ಬ್ರೇಕಿಗೆ ಎಣ್ಣೆ ಬಿಟ್ಟರು, ಬ್ರೇಕಿಗೆ ಎಣ್ಣೆ ಬಿಟ್ಟರು ಎಂದು ನಾನು ಗಂಟಲು ಹರಿದುಕೊಂಡಿದ್ದೇನೆ. ಅವ್ವನಿಗೆ ಬ್ರೇಕ್ ಎಂದರೆ ಹ್ಯಾಂಡಲ್ಲಿನ ಹತ್ತಿರದ ಹಿಡಿ. ಅದನ್ನು ಅವಳು ಮುಟ್ಟಿಯೇ ಇರಲಿಲ್ಲ. ಅವಳು ಒರೆಸಿದ್ದು ಚಕ್ರ. ಬ್ರೇಕಿನ ರಬ್ಬರು ಚಕ್ರದ ರಿಮ್ಮನ್ನೇ ಹಿಡಿದು ನಿಲ್ಲಿಸುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಂಗಡಿಯ ಚೀಲಗಳ ಬುಡದವರೆಗೆ ಕೈ ಹಾಕಿದ ನಾನು, ನೀಲಕ್ಕನ ಹಾಲು ಪರೀಕ್ಷೆ ಮಾಡಿದ ನಾನು, ನಮ್ಮ ಮನೆಯ ಪಡಸಾಲೆಯನ್ನು ಮಾತ್ರ ನೋಡಿರಲಿಲ್ಲ.

ಹರಿಹರದ ಹುಡುಗ ಯಾವಾಗ ಕೇಳಿದ ಎಂದೆ. ರೇಸಿನ ಮರುದಿನ ಎಂದಳು. ನಾನು ಆಸ್ಪತ್ರೆಯಲ್ಲಿ ಬಕ್ಕೇಶನ ಹತ್ತಿರವಿದ್ದೆ. ನೀನು ತಂಡದ ಸ್ಪ್ಯಾನರ್ ಚೀಲ ವಾಪಸ್ ಕೊಡಲು ಬಂದಿದ್ದೆಯಂತೆ. ಹಬ್ಬದ ಸಾಮಾನನ್ನು ಇನ್ನೂ ಎತ್ತಿಟ್ಟಿರಲಿಲ್ಲ, ಬಟ್ಟಲು, ಬಟ್ಟೆ ಮೂಲೆಯಲ್ಲೇ ಇದ್ದವು. ನಾನು ನಿನ್ನನ್ನು ದ್ರೋಹಿ ಎಂದದ್ದು ಇನ್ನೂ ಕಿವಿಗೆ ಬೀಳದ ಅವ್ವ ಹೋಳಿಗೆ ಕೊಟ್ಟಳಂತೆ. ನೀನು ತಿನ್ನುತ್ತಾ ಬಟ್ಟಲು ನೋಡಿದೆ. ಇದು ಯಾತಕ್ಕೆ ಎಂದು ಕೇಳಿದೆ. ಅವಳು ಚಕ್ರಕ್ಕೆ ಒರೆಸಿದ್ದನ್ನು ಹೇಳಿ, ಹೊಳೀತಿತ್ತೋ ಇಲ್ಲೋ ಎಂದಳು. ನೀನು ಕೈಯ ಹೋಳಿಗೆಯನ್ನು ತಟ್ಟೆಗೆ ಇಳಿಸಿದೆಯಂತೆ. ಆಮೇಲೆ ಹೇಳಿದೆಯಂತೆ.

"ಬಾಳ ಚಲೋ ಹೊಳೀತಿತ್ತು ಅವ್ವಾರೆ."

ಉಳಿದ ಅರ್ಧ ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು, ಅವಳ ಕಾಲು ಮುಟ್ಟಿ ಹೋದೆಯಂತೆ. ಸಭೆ ಆದದ್ದು ಅದಕ್ಕೆ ಎರಡು ದಿನದ ಮೇಲೆ.

ಮಾಲತೇಶ, ನನ್ನ ಜಾತಕವೇ ಅಂಥದ್ದು, ಆಗಲೂ ನನಗೆ ಮೊದಲು ಬಂದದ್ದು ಅನುಮಾನವೇ. ಇವನಿಗೆ ಎಲ್ಲ ಗೊತ್ತಿದ್ದೂ ಸುಮ್ಮನಿದ್ದನೆಂದರೆ ಏನೋ ಉದ್ದೇಶವಿರಬೇಕು, ಒಂದು ದಿನ ನನ್ನ ಮುಖಕ್ಕೆ ಹಿಡಿಯಲು ಇಟ್ಟುಕೊಂಡಿರಬೇಕು ಎಂದುಕೊಂಡೆ. ಅಂಗಡಿಗೆ ವಾಪಸ್ ಹೋಗುವ ದಾರಿಯುದ್ದಕ್ಕೂ ಬುಡದ ಕಾಳು ಹುಡುಕಿದೆ. ಮಂಡಿಪೇಟೆಯ ಮೂಲೆಗೆ ಬರುವಾಗ ಬಕ್ಕೇಶ ಎದುರಿಗೆ ಬಂದ, ಎಡಗೈಯಲ್ಲಿ ಕುಂಬಳಕಾಯಿ ಎತ್ತಿಕೊಂಡು. ಆಗ ಗೊತ್ತಾಯಿತು. ಅವನಿಗೆ ಮೂರು ವರ್ಷವಿದ್ದಾಗ ಚಿಕ್ಕವ್ವ ತೀರಿಕೊಂಡಳು. ಅವ್ವ ಅವನನ್ನು ನನಗಿಂತ ಒಂದು ತುತ್ತು ಹೆಚ್ಚಿಟ್ಟು ಸಾಕಿದಳು, ತಂಗಿಗೆ ಕೊಟ್ಟ ಮಾತು ಎಂದು. ಇದನ್ನೆಲ್ಲ ಮಂಡಕ್ಕಿ ತಿನ್ನುವಾಗ ಅವನೇ ನಿನಗೆ ಹೇಳಿದ್ದ. ಆ ಕೈ ಮುರಿದದ್ದು ತನ್ನ ಕೈಯಿಂದಲೇ ಎಂದು ಅವ್ವನಿಗೆ ತಿಳಿದರೆ ಏನಾಗುತ್ತದೆ ಎಂದು ನೀನು ಯೋಚಿಸಿದೆ. ಸ್ವಂತ ಮಗ ಯೋಚಿಸದ್ದನ್ನು ನೀನು ಯೋಚಿಸಿದೆ. ರೈಲ್ವೆ ಅರ್ಜಿ, ಹೆಸರು, ಸೈಕಲ್ಲು ಎಲ್ಲವನ್ನೂ ಆ ಅರ್ಧ ಹೋಳಿಗೆಯ ಜೊತೆ ತಟ್ಟೆಯಲ್ಲೇ ಬಿಟ್ಟು ಹೋದೆ. ಬಕ್ಕೇಶ ಏನಾಯ್ತಣ್ಣ ಎಂದು ಕೇಳಿದ. ಬೀದಿಯಲ್ಲಿ ನಿಂತು ಅತ್ತೆ. ಮೆಣಸಿನಕಾಯಿ ಘಾಟು ಎಂದು ಅವನಿಗೆ ಹೇಳಿದೆ.

ಅವ್ವನಿಗೆ ಏನೂ ಹೇಳಬಾರದೆಂದು ನಿರ್ಧಾರ ಮಾಡಿದೆ. ಆದರೆ ಬರೀ ಎಣ್ಣೆಯ ವಿಷಯಕ್ಕೆ ಅಷ್ಟು ಪ್ರಶ್ನೆ ಕೇಳಿದ್ದು ನನ್ನ ದಡ್ಡತನ. ನನ್ನನ್ನು ಹೆತ್ತವಳು ಅವಳು, ಅನುಮಾನ ಅವಳಿಗೂ ಬರುತ್ತದೆ. ವಿಜಯದಶಮಿ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ, ಮರುಪೂಜೆಗೂ ಮೊದಲೇ ಬಕ್ಕೇಶನ ಸೈಕಲ್ಲನ್ನು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಉರುಳಿಸಿಕೊಂಡು, ಸೀಗೆಪುಡಿ ಹಾಕಿ ರಿಮ್ಮು ತಿಕ್ಕುತ್ತಿದ್ದಳು. ಪೂಜೆಯಾದದ್ದನ್ನು ದೀಪ ತೋರಿಸದೆ ಮುಟ್ಟಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ನನ್ನನ್ನು ನೋಡಿ ಕೈ ನಿಲ್ಲಿಸಿದಳು.

"ಬಕ್ಕೇಶನ ಕೈ ನನ್ನಿಂದಾನ ಹೋತೇನಪ?"

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು ನಿಜ. "ಎಣ್ಣಿ ನಿನ್ನದವ್ವ. ಕೈ ಹೋಗಿದ್ದು ನನ್ನಿಂದ. ಬ್ರೇಕ್ ನೋಡ್ತೀನಿ ಅಂತ ಮಾಲತೇಶ ಬಂದ. ನಾನು ಮುಟ್ಟಬ್ಯಾಡ ಅಂದೆ" ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಇದು. ನೀನು ಒಂದೇ ಒಂದು ಬ್ರೇಕ್ ಒತ್ತಿ ನೋಡಿದ್ದರೂ ಎಣ್ಣೆ ಗೊತ್ತಾಗುತ್ತಿತ್ತು, ಒಣ ಬಟ್ಟೆಯಲ್ಲಿ ಐದು ನಿಮಿಷದ ಕೆಲಸ. ಎಲ್ಲರೂ ನಗುತ್ತಿದ್ದೆವು, ಅವ್ವನನ್ನು ವರ್ಷವಿಡೀ ಕಿಚಾಯಿಸುತ್ತಿದ್ದೆವು. ಪ್ರೀತಿಯಿಂದ ಹಚ್ಚಿದ ಎಣ್ಣೆ ಬರೀ ಎಣ್ಣೆಯಾಗಿತ್ತು, ಅದನ್ನು ಅಪಘಾತ ಮಾಡಿದ್ದು ನಾನು.

ಅವ್ವ ಅಳಲಿಲ್ಲ. ಕೈ ತೊಳೆದುಕೊಂಡು ಒಳಗೆ ಹೋಗಿ, ತಿಂಡಿಗೆ ಕೂತಿದ್ದ ಬಕ್ಕೇಶನ ಹೆಗಲ ಮೇಲೆ ಕೈಯಿಟ್ಟು ನಿಂತಳು. ಏನವ್ವ ಎಂದ. ಏನಿಲ್ಲ ಉಣ್ಣು ಎಂದಳು. ಆಮೇಲೆ ಅವನಿಗೆ ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಿಯೂ ಇಲ್ಲ. ಅಡಿಗೆಮನೆಗೆ ಹೋಗುತ್ತಾ ನನಗೆ ಮಾತ್ರ ಕೇಳುವ ಹಾಗೆ, "ಆ ಹುಡುಗನಿಗೆ ಕಾಗದ ಬರಿ. ವರ್ಷ ಪೂರ್ತಿ ಅವನಿಗೆ ಶಾಪ ಹಾಕೀನಿ. ಎದುರಿಗೆ ಕೂಡ್ರಿಸಿ ಉಣ್ಣಾಕಿಡದೆ ಅದು ಇಳಿಯಲ್ಲ" ಎಂದಳು.

ನಿನ್ನೆ ಸಂಘಕ್ಕೆ ಹೋಗಿ ದೂರು ಹಿಂದಕ್ಕೆ ತೆಗೆದುಕೊಂಡೆ. ಅದರ ನಕಲು ಈ ಲಕೋಟೆಯಲ್ಲೇ ಇದೆ, ನಂಬಿಕೆ ಬರದಿದ್ದರೆ ಬೆಳಕಿಗೆ ಹಿಡಿದು ಮೊಹರು ನೋಡಿಕೊ. ಎಣ್ಣೆ ನಮ್ಮ ಮನೆಯ ಹಬ್ಬದ್ದು, ಬ್ರೇಕ್ ಪರೀಕ್ಷೆ ಮಾಡಲು ಬಂದ ಮಾಲತೇಶನನ್ನು ತಡೆದವನು ಕ್ಯಾಪ್ಟನ್ ಆದ ನಾನು, ತಪ್ಪು ಪೂರ್ತಿ ನನ್ನದು ಎಂದು ಬರೆದಿದ್ದೇನೆ. ಅವ್ವನ ಹೆಸರು ಅದರಲ್ಲಿಲ್ಲ. ನಿನ್ನನ್ನು ಹೊರಗಿಟ್ಟದ್ದನ್ನು ತೆಗೆದುಹಾಕಿದ್ದಾರೆ, ಕ್ಯಾಪ್ಟನ್ ಸ್ಥಾನದಿಂದ ನನ್ನನ್ನು ತೆಗೆಯಿರಿ ಎಂದೂ ಕೇಳಿದ್ದೇನೆ. ಡಿಸೆಂಬರಿನಲ್ಲಿ ಕೊಂಡಜ್ಜಿಯಲ್ಲೇ ಮತ್ತೆ ಆಯ್ಕೆಯ ರೇಸು. ಹೆಸರು ಕೊಡಲು ನವೆಂಬರ್ ಹದಿನೈದು ಕಡೇ ದಿನ. ಹೋದ ವರ್ಷವನ್ನು ನಾನು ವಾಪಸ್ ಕೊಡಲಾರೆ. ಕ್ಷಮಿಸು ಎಂದು ಬರೆಯಲು ಮೂರು ಸಲ ಪೆನ್ನು ಎತ್ತಿ ಇಳಿಸಿದೆ, ನನಗೆ ಆ ಮಾತು ಕೇಳುವ ಯೋಗ್ಯತೆ ಇದೆಯೇ ಎಂದು. ಆದರೂ ಬರೆಯುತ್ತೇನೆ. ಮಾಲತೇಶ, ನನ್ನನ್ನು ಕ್ಷಮಿಸು.

ಸೇತುವೆಯ ಮೇಲೆ ನಿನ್ನ ಹೆಗಲ ಮೇಲೆ ಕೈಯಿಟ್ಟವನು ಯಾರು, ಮನೆಯಲ್ಲೇ ಇದ್ದೆ ಎಂದು ಯಾಕೆ ಹೇಳಿದೆ ಎಂದು ನಾನು ಕೇಳುವುದಿಲ್ಲ. ಕೇಳಬೇಕೆಂದು ಈ ಗಳಿಗೆಗೂ ಬೆರಳು ತುರಿಸುತ್ತಿದೆ. ತುರಿಸಲಿ.

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಾ. ಬಕ್ಕೇಶ ಈ ಸಲ ಹೊತ್ತು ಹಿಡಿಯಲು ಗಡಿಯಾರ ತೆಗೆದುಕೊಂಡು ಬರುತ್ತಾನೆ. ಅಲ್ಲಾಬಕ್ಷ್ ನಾಲ್ಕನೆಯವನನ್ನು ಹುಡುಕುತ್ತಿದ್ದಾನೆ. ಅವ್ವ ಹೋಳಿಗೆಗೆ ಬೇಳೆ ಆರಿಸಿಟ್ಟಾಗಿದೆ. ಸೈಕಲ್ಲುಗಳು ಹಿತ್ತಲಲ್ಲಿ ಇರುತ್ತವೆ, ಸ್ಪ್ಯಾನರ್ ಚೀಲ ನೀನು ತೂಗುಹಾಕಿ ಹೋದ ಮೊಳೆಯಲ್ಲೇ ನೇತಾಡುತ್ತಿದೆ. ಬ್ರೇಕ್ ನೀನು ನೋಡು. ಆ ಹೊತ್ತಿಗೆ ನಾನು ಒಳಗೆ ಅವ್ವನ ಹತ್ತಿರ ಕೂತಿರುತ್ತೇನೆ, ಹಿತ್ತಲಿಗೆ ಬರುವುದಿಲ್ಲ.

ನಿನ್ನ ದಾರಿಯಲ್ಲಿ ಜಾಲಿಮುಳ್ಳು ಕಡಿಮೆಯಾಗಲಿ, ಇಳಿಜಾರಿನಲ್ಲಿ ನಿನ್ನ ಕೈ ಯಾವತ್ತೂ ಜಾರದಿರಲಿ ಎಂದು ಅವ್ವ ಹರಸಿದ್ದಾಳೆ. ಅವಳ ಮಾತನ್ನು ಅವಳು ಹೇಳಿದಂತೆಯೇ ಬರೆದಿದ್ದೇನೆ.

ನೀನು ಕ್ಯಾಪ್ಟನ್ ಎಂದು ಕರೆಯುತ್ತಿದ್ದ,
ಕರಿಬಸವರಾಜ